ಕಾರ್ಡಿನ ಅಂಚಿನ ಕೆಂಪು

ಬೆಳಿಗ್ಗೆ ದಿಲನಾಜ ತಾಯಿ ಮಾಸುಮಬಿಯ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಬಾಯಿ ತೆರೆದರೆ ಸಾಕು, ತಾಯಿಗೆ ಕೆಮ್ಮು ಬರುತ್ತಿತ್ತು. ಬ್ಯಾಡಗಿಯ ಗೋದಾಮಿನಲ್ಲಿ ಹದಿನೆಂಟು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದ ಬೆರಳುಗಳು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕೆಂಪು ಹೋಗುತ್ತಿರಲಿಲ್ಲ. ಒಂಬತ್ತನೆಯ ತರಗತಿಗೆ ಸಾಲಿ ಬಿಟ್ಟ ಮೇಲೆ ದಿಲನಾಜಳೂ ಅಲ್ಲೇ ಕೂತವಳು.

ಈಗವಳು ರಾಣೆಬೆನ್ನೂರಿನ ಒಂದು ಆಸ್ಪತ್ರೆಯಲ್ಲಿ ಫೈಲು ಜೋಡಿಸುತ್ತಿದ್ದಳು. ದಾಖಲೆ ಕೋಣೆಯ ಶ್ರೀದೇವಿ ಈ ಹುಡುಗಿಯ ಕಣ್ಣಿನ ಚುರುಕು ಕಂಡು ಕೋಡಿಂಗ್ ಕಲಿಸತೊಡಗಿದ್ದಳು. ಡಾಕ್ಟರು ಬರೆದ ರೋಗಕ್ಕೆ ದಪ್ಪ ಪುಸ್ತಕದಲ್ಲಿ ಕೋಡ್ ಹುಡುಕಿ ಕಂಪ್ಯೂಟರಿಗೆ ಹಾಕಬೇಕು. ಯಾವ ಊರಲ್ಲಿ ಯಾವ ರೋಗ ಎಷ್ಟಿದೆ ಎಂಬುದು ಗೊತ್ತಾಗುವುದು ಅದರಿಂದಲೇ. ಇವತ್ತು ಪರೀಕ್ಷೆ, ಇಪ್ಪತ್ತು ರೋಗಿಗಳ ಕಾರ್ಡು. ಪಾಸಾದರೆ ಕಂಪ್ಯೂಟರಿನ ಮುಂದಿನ ಕುರ್ಚಿ, ಇಲ್ಲದಿದ್ದರೆ ಮತ್ತೆ ಫೈಲು.

ಶ್ರೀದೇವಿ ತಿದ್ದಿ ನೋಡಿದಾಗ ಒಂಬತ್ತು ತಪ್ಪಾಗಿದ್ದವು.

"ಡಾಕ್ಟರ್ ಬರೇ ಕೆಮ್ಮು ಅಂತ ಬರದಾರ. ನೀ ಧೂಳಿನ ರೋಗ ಅಂತ ಹಾಕೀದಿ. ಕನಸು ಬಿದ್ದಿತ್ತೇನವಾ?" ಎಂದಳು ಶ್ರೀದೇವಿ.

ದಿಲನಾಜ ಒಂಬತ್ತೂ ಕಾರ್ಡುಗಳನ್ನು ಸಾಲಾಗಿ ಇಟ್ಟಳು. ರೋಗಿಯ ಬೆರಳು ಹಿಡಿದ ಕಡೆ ಒಂದೊಂದರ ಅಂಚೂ ಕೆಂಪಾಗಿತ್ತು.

"ಇವರೆಲ್ಲಾ ಮೆಣಸಿನಕಾಯಿ ಗೋದಾಮಿನವ್ರರಿ, ಅಕ್ಕಾರ."

ಶ್ರೀದೇವಿ ಬಗ್ಗಿ ನೋಡಿದಳು. "ಅಯ್ಯ! ನಾ ಇಷ್ಟು ದಿನ ಯಾರೋ ಚಟ್ನಿ ಕೈಲೆ ಮುಟ್ಯಾರಂತ ಬೈಕೋತ ಕುಂತಿದ್ನಿ." ನಕ್ಕವಳು ಮತ್ತೆ ಗಟ್ಟಿಯಾದಳು. "ಆದರ ಕಲೆ ನೋಡಿ ಕೋಡ್ ಹಾಕೂ ಹಂಗಿಲ್ಲ. ಬರದದ್ದಕ್ಕಷ್ಟ ಕೋಡ್. ಸಂಶಯ ಬಂತಂದ್ರ ಬರದವರನ್ನ ಹೋಗಿ ಕೇಳಬೇಕು."

"ನೀವ ಕೇಳ್ರಿ."

"ಕುರ್ಚಿ ನಿನಗ ಬೇಕೋ, ನನಗೋ? ಬ್ಯಾಡಂದ್ರ ಕೆಮ್ಮು ಅಂತ ಹಾಕು. ಅದಕ್ಕೂ ಪಾಸ್ ಮಾಡ್ತೇನಿ."

ಕೆಮ್ಮಿನ ಕೋಡ್ ದಿಲನಾಜಳಿಗೆ ಬಾಯಿಪಾಠವಾಗಿತ್ತು. ಒಂಬತ್ತು ಸಲ ಒತ್ತಿದರೆ ಮುಗಿಯಿತು, ಯಾರ ಮುಂದೆಯೂ ನಿಲ್ಲಬೇಕಿಲ್ಲ. ಆದರೆ ಗೋದಾಮಿನ ಧೂಳು ಯಾವ ಲೆಕ್ಕದಲ್ಲೂ ಕಾಣುವುದಿಲ್ಲ. ಅವ್ವನ ಕೆಮ್ಮೂ ಬರೇ ಕೆಮ್ಮಾಗಿಯೇ ಉಳಿಯುತ್ತದೆ. ಅವಳು ಕಾರ್ಡುಗಳನ್ನು ಎದೆಗವಚಿಕೊಂಡು ಎದ್ದಳು.

ಆಸ್ಪತ್ರೆ ಸೇರಿದ ಆರು ತಿಂಗಳಲ್ಲಿ, ಆ ಕಾರ್ಡುಗಳನ್ನು ಬರೆದ ಡಾಕ್ಟರ್ ಪ್ರಭುಲಿಂಗಪ್ಪನವರೊಂದಿಗೆ ಅವಳು ಒಂದು ಮಾತೂ ಆಡಿರಲಿಲ್ಲ.

"ಏನವಾ?" ಅವರು ತಲೆ ಎತ್ತದೆ ಕೇಳಿದರು.

ಅವಳು ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ, ಕೆಂಪು ಅಂಚುಗಳನ್ನೆಲ್ಲ ಅವರ ಕಡೆ ತಿರುಗಿಸಿದಳು. ಅವರ ಪೆನ್ನು ನಿಂತಿತು. ಒಂದು ಕಾರ್ಡನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ತನ್ನ ದನಿ ಇಷ್ಟು ಗಟ್ಟಿ ಇದೆಯೆಂದು ದಿಲನಾಜಳಿಗೆ ಗೊತ್ತಿರಲಿಲ್ಲ.

"ಸರ, ಈ ಒಂಬತ್ತು ಮಂದೀನ ಇನ್ನೊಮ್ಮೆ ಕರಸ್ರಿ. ಏನು ಕೆಲಸ ಮಾಡ್ತೀರಿ ಅಂತ ಕೇಳಿ, ಅದನ್ನ ಕಾರ್ಡಿನ್ಯಾಗ ಬರೀರಿ."