ಎಲ್ಲರ ಕಾಯಿಲೆಯೂ ಠಾಕುಮಾ ಹೆಸರಿಗೆ

"ನಿಮ್ಮ ಠಾಕುಮಾಗೆ ಮತ್ತೆ ಮುಟ್ಟಾಗ್ತಿದೆಯಂತೆ ಕಣೆ ಬುಲ್ಟಿ. ಎಪ್ಪತ್ತೆರಡನೇ ವಯಸ್ಸಿಗೆ," ಅಂದಳು ಆರೋಗ್ಯ ಕೇಂದ್ರದಲ್ಲಿ ಕೂತಿದ್ದ ರೆಬಾದಿ, ಮಂಡಕ್ಕಿ ಡಬ್ಬಿಯಿಂದ ಕೈ ತೆಗೆಯದೆ.

ನಾನು ನಕ್ಕೆ. ನಗದೆ ಇರುವುದಾದರೂ ಹೇಗೆ, ಠಾಕುಮಾ ಅಂದರೆ ನನ್ನ ಅಪ್ಪನ ಅಮ್ಮ, ಬಾಯಲ್ಲಿ ಇರುವುದೇ ನಾಲ್ಕು ಹಲ್ಲು. ರೆಬಾದಿ ಮಾತ್ರ ನಗಲಿಲ್ಲ. ನಮ್ಮ ದ್ವೀಪಕ್ಕೂ ಆಚೆ ದ್ವೀಪಕ್ಕೂ ಸೇರಿ ಇರುವ ಒಬ್ಬಳೇ ನರ್ಸ್ ಅವಳು. ಬೆಳಗಿನಿಂದ ಮಕ್ಕಳಿಗೆ ಸೂಜಿ ಚುಚ್ಚಿ ಚುಚ್ಚಿ ಅವಳ ಮುಖವೇ ಹಿಂಡಿ ಒಣಗಿಸಿದ ಬಟ್ಟೆಯ ಹಾಗಾಗಿತ್ತು. ಟ್ಯಾಬ್ ನನ್ನ ಕಡೆ ತಿರುಗಿಸಿದಳು. ಕಳೆದ ಬುಧವಾರ ವಿಡಿಯೊ ಕರೆಯಲ್ಲಿ ಪರದೆ ಮೇಲೆ ಬಂದ ಕೋಲ್ಕತ್ತಾದ ಡಾಕ್ಟರು ಬರೆದದ್ದು ಅದರಲ್ಲಿತ್ತು. ಈ ವಯಸ್ಸಿನಲ್ಲಿ ರಕ್ತ ಹೋಗುವುದು ಒಳ್ಳೆಯ ಲಕ್ಷಣವಲ್ಲ, ಗರ್ಭಕೋಶದ ಕ್ಯಾನ್ಸರ್ ಇರಬಹುದು, ಚೂರು ತೆಗೆದು ಪರೀಕ್ಷೆ ಮಾಡಬೇಕು, ತಡ ಮಾಡದೆ ಬ್ಲಾಕ್ ಆಸ್ಪತ್ರೆಗೆ ಕರೆತನ್ನಿ.

ಇದೇ ಸಂದೇಶ ನಿನ್ನ ಫೋನಿಗೂ ಬಂದಿರಬೇಕಲ್ಲ ಅಂತ ರೆಬಾದಿ ಕೇಳಿದಳು. ಬಂದಿತ್ತು, ನಾನು ತೆರೆದಿರಲಿಲ್ಲ. ಸರ್ಕಾರದ ಆರೋಗ್ಯದ ನಂಬರ್ ಮಾಡಿಸುವ ದಿನ ನಮ್ಮ ಕೇರಿಯಲ್ಲಿ ನೆಟ್ಟಗೆ ಕೆಲಸ ಮಾಡುವ ಫೋನ್ ಅಂತ ಇದ್ದದ್ದು ನನ್ನದೊಂದೇ. ಗಂಡಸರು ತಮ್ಮ ಫೋನ್ ಜೇಬಿನಲ್ಲಿಟ್ಟುಕೊಂಡು ಕೇರಳಕ್ಕೋ ಅಂಡಮಾನಿಗೋ ಕೂಲಿಗೆ ಹೋಗಿರುತ್ತಾರೆ. ಹಾಗಾಗಿ ಹೆಂಗಸರೆಲ್ಲ ಸಾಲಾಗಿ ನನ್ನ ನಂಬರನ್ನೇ ಹೇಳಿದರು. ಆವತ್ತಿನಿಂದ ಹಾಲ್ದಾರರ ಅತ್ತೆಯ ಕಣ್ಣಿನ ಆಪರೇಷನ್ ತಾರೀಕು, ಗಾಯೆನ್ ಮನೆಯವಳ ಸಕ್ಕರೆ, ಯಾರದೋ ಮಗುವಿನ ತೂಕ, ಎಲ್ಲ ನನಗೇ. ಕಾಲೇಜಿನಲ್ಲಿ ಇತಿಹಾಸದ ಪಾಠ ನಡೆಯುವಾಗ ಫೋನ್ ನಡುಗುತ್ತದೆ. ಸ್ನಾನಕ್ಕೆ ಕೊಳಕ್ಕೆ ಇಳಿದರೆ ದಡದಿಂದ ಯಾರೋ ಓಟಿಪಿ ಬಂತಾ ಅಂತ ಕೂಗುತ್ತಾರೆ. ಗೆಳತಿಯರು ಕಳಿಸಿದ ರೀಲ್ಸ್ ಹುಡುಕಲು ನಾನು ಊರಿನವರ ರಕ್ತ, ಮೂತ್ರ ಎಲ್ಲ ದಾಟಿ ಹೋಗಬೇಕು. ತೆರೆದು ಓದುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಅಷ್ಟು ಮುಖ್ಯವಾದದ್ದನ್ನು ನೀನಾದರೂ ಅಂದೇ ಹೇಳಬಾರದಿತ್ತಾ ಅಂದೆ. ಬುಧವಾರ ಇಲ್ಲಿ ರೋಗಿಗಳ ಜಾತ್ರೆ ಕಣೆ, ಟ್ಯಾಬನ್ನು ನಿಮ್ಮಜ್ಜಿ ಕೈಗೆ ಕೊಟ್ಟುಬಿಡುತ್ತೇನೆ, ಅವಳೇ ಚೆನ್ನಾಗಿ ಮಾತಾಡುತ್ತಾಳೆ, ವಾರಕ್ಕೊಬ್ಬ ಹೊಸ ಡಾಕ್ಟರು, ಎಲ್ಲರೂ ಅವಳನ್ನು ಹೊಗಳುತ್ತಾರೆ, ಉಳಿದವರೆಲ್ಲ ಸುಮ್ಮನೆ ಹಿಂದೆ ಕೂತಿರುತ್ತಾರೆ ಅಂದಳು. ಕೂತಲ್ಲೇ ಕಣ್ಣು ಮುಚ್ಚಿದಳು. ಮಲಗಿಬಿಟ್ಟಳೇನೋ ಅಂದುಕೊಂಡೆ. ಕರೆದುಕೊಂಡು ಬಾ, ಅಂದಳು ಕಣ್ಣು ತೆರೆಯದೆ.

ಒಡ್ಡಿನ ಮೇಲೆ ಮನೆಗೆ ನಡೆದೆ. ಸ್ವಲ್ಪ ಅತ್ತೆ. ನಮ್ಮ ಅಮ್ಮ ಹೋದಮೇಲೆ ನನ್ನ ಜಡೆ ಹೆಣೆದವಳು ಠಾಕುಮಾ, ಹೆಣೆಯುವಾಗ ತಲೆಗೆ ಮೊಟಕಿದವಳೂ ಅವಳೇ. ಅಳುತ್ತ ಅಳುತ್ತಲೇ ನಾಡಿದ್ದಿನ ಪರೀಕ್ಷೆ ನೆನಪಾಯಿತು, ಆಸ್ಪತ್ರೆಗೆ ಹೋದರೆ ಬರೆಯುವುದು ಹೇಗೆ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ಇನ್ನೊಂದಿಷ್ಟು ಅತ್ತೆ.

ಠಾಕುಮಾ ಅಂಗಳದಲ್ಲಿ ಈಳಿಗೆ ಮಣೆ ಮುಂದೆ ಕೂತು ಸಿಗಡಿಯ ತಲೆ ತೆಗೆಯುತ್ತಿದ್ದಳು. ನನ್ನ ಮುಖ ನೋಡಿ, "ಯಾರು ಸತ್ತರು?" ಅಂದಳು.

ನೀನೇ ಅನ್ನುವ ಮಾತು ಬಾಯಿಗೆ ಬಂತು. ನುಂಗಿಕೊಂಡು ನಿಧಾನವಾಗಿ ಎಲ್ಲ ಹೇಳಿದೆ, ಕ್ಯಾನ್ಸರ್ ಅನ್ನುವ ಪದ ಬಿಟ್ಟು. ಕೊನೆಗೆ ಅದನ್ನೂ ಹೇಳಿದೆ. ಅವಳು ಈಳಿಗೆ ಮಣೆಯನ್ನು ಪಕ್ಕಕ್ಕೆ ಸರಿಸಿ, ಕೆಮ್ಮು ಬರುವ ತನಕ ನಕ್ಕಳು.

"ನನ್ನ ಮುಟ್ಟು ನಿಂತಾಗ ನಿಮ್ಮಪ್ಪನಿಗೆ ಮೀಸೆ ಸಹ ಬಂದಿರಲಿಲ್ಲ ಹೋಗೇ."

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಇಲ್ಲಿನ ಹೆಂಗಸರು ಸಿಗಡಿ ಮರಿ ಹಿಡಿಯಲು ಸೊಂಟದವರೆಗೆ ಉಪ್ಪುನೀರಿನಲ್ಲಿ ದಿನವಿಡೀ ಬಲೆ ಎಳೆಯುತ್ತಾರೆ. ಅವರ ತೊಂದರೆಗಳೆಲ್ಲ ಸೊಂಟದ ಕೆಳಗಿನವೇ. ಪರದೆ ಮೇಲೆ ಬರುವುದು ಈಗಷ್ಟೇ ಗಡ್ಡ ಬಿಟ್ಟ ಹುಡುಗ. ಅವನ ಮುಂದೆ ಯಾರು ಬಾಯಿ ಬಿಡುತ್ತಾರೆ? ಹಾಗಾಗಿ ವಾರಕ್ಕೊಬ್ಬಳ ತೊಂದರೆಯನ್ನು ಠಾಕುಮಾ ತನ್ನದೇ ಎಂದು ಹೇಳುತ್ತಾಳೆ. ತೊಂದರೆಯವಳು ಕ್ಯಾಮೆರಾಕ್ಕೆ ಕಾಣದ ಹಾಗೆ ಹಿಂದೆ ಕೂತಿರುತ್ತಾಳೆ. ಡಾಕ್ಟರು ಉರಿ ಇದೆಯಾ ಅಂತ ಕೇಳಿದರೆ ಅವಳು ಠಾಕುಮಾ ಸೆರಗನ್ನು ಒಂದು ಸಲ ಎಳೆಯಬೇಕು, ಇಲ್ಲದಿದ್ದರೆ ಎರಡು ಸಲ. ಮಾತ್ರೆ ಠಾಕುಮಾ ಹೆಸರಿಗೆ ಬರುತ್ತದೆ, ನಾನು ಬಜಾರಿನಿಂದ ತರುತ್ತೇನೆ, ಅವಳು ಸಂಜೆ ಎಲೆಅಡಿಕೆ ಹಾಕಿಕೊಳ್ಳುವ ನೆಪದಲ್ಲಿ ಯಾರದೋ ಮನೆಗೆ ಹೋಗಿ ಕೊಟ್ಟು ಬರುತ್ತಾಳೆ. ಹಾಲ್ದಾರರ ಸೊಸೆಯ ತುರಿಕೆ ಹೋಯಿತು. ಗಾಯೆನ್ ಮನೆಯವಳು ಈಗ ಅಳದೆ ಮೂತ್ರ ಮಾಡುತ್ತಾಳೆ.

ಇಷ್ಟು ದಿನ ಇವಳ ಔಷಧಿ ಹೊತ್ತು ಹೊತ್ತು, ಅಜ್ಜಿಗೆ ಎಷ್ಟೊಂದು ಕಾಯಿಲೆ ಅಂತ ಕಾಲೇಜಿನಲ್ಲಿ ಮರುಗಿದ್ದೆ. ಅವಳು ಅದರಲ್ಲಿ ಒಂದು ಗುಳಿಗೆಯನ್ನೂ ನುಂಗಿರಲಿಲ್ಲ. ನಿನಗೆ ನಾಚಿಕೆ ಆಗುವುದಿಲ್ಲವಾ ಅಂದೆ.

"ನಾಚಿಕೆನ ನಿಮ್ಮ ತಾತನ ಚಿತೆ ಮೇಲೇ ಹಾಕಿ ಬಂದೆ. ಇನ್ನು ಯಾವನ ಮುಂದೆ ಪಡಲಿ?"

ಹಾಗಾದರೆ ಈ ರಕ್ತ ಯಾರದು ಅಂತ ಕೇಳಿದೆ. ಠಾಕುಮಾ ಮತ್ತೆ ಸಿಗಡಿಗೆ ಕೈ ಹಾಕಿದಳು. ಅಷ್ಟರಲ್ಲಿ ಅಲೋಕಾ ಕಾಕಿ, ಅಂದರೆ ನನ್ನ ಚಿಕ್ಕಮ್ಮ, ಬಲೆ ಹೆಗಲ ಮೇಲೆ ಹಾಕಿಕೊಂಡು ನದಿಯಿಂದ ಬಂದಳು. ಎದೆಯವರೆಗೆ ಒದ್ದೆ. ಬಕೆಟ್ ಇಳಿಸಿ, ಚಾವಡಿಯ ಬಿದಿರು ಕಂಬ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು, ಆಮೇಲೆ ಕಂಬ ಹಿಡಿದೇ ಕೂತಳು. ಕೇರಳದಿಂದ ಕಾಕು, ಅಂದರೆ ಅವಳ ಗಂಡ, ಫೋನ್ ಮಾಡುವುದು ಕಮ್ಮಿಯಾಗಿದೆ, ಅದಕ್ಕೆ ಕಾಕಿ ಹೀಗಿದ್ದಾಳೆ ಅಂತ ನಾನು ಅಂದುಕೊಂಡಿದ್ದೆ. ಠಾಕುಮಾ ಅವಳ ಕಡೆ ನೋಡಲೇ ಇಲ್ಲ. ಹಾಗೆ ನೋಡದೆ ಇದ್ದದ್ದರಿಂದಲೇ ನನಗೆ ಗೊತ್ತಾಯಿತು.

ಡಾಕ್ಟರು ಬರೆದದ್ದನ್ನು ಕಾಕಿಗೂ ಹೇಳಿದೆ. ಅವಳು ಸೀರೆಯ ಅಂಚು ಹಿಂಡುತ್ತ ಕೇಳಿಸಿಕೊಂಡಳು. ಅದು ಅತ್ತೆಯ ವಯಸ್ಸಿಗೆ ಹೇಳಿದ್ದು ತಾನೆ, ನನ್ನ ವಯಸ್ಸಿಗೆ ಅಲ್ಲವಲ್ಲ ಅಂದಳು. ಸರಿಯೇ. ಆದರೆ ಅವಳ ವಯಸ್ಸಿಗೆ ಏನು ಹೇಳುತ್ತಾರೆ ಅಂತ ಯಾರೂ ಕೇಳಿರಲೇ ಇಲ್ಲ. ನೀನೇ ಹೋಗಿ ಯಾಕೆ ಹೇಳಲಿಲ್ಲ ಅಂದೆ. ಬಹಳ ಹೊತ್ತು ಸೀರೆ ಹಿಂಡಿದಳು, ಅದರಲ್ಲಿ ನೀರು ಉಳಿಯದ ಮೇಲೂ.

"ಗರ್ಭಕೋಶ ತೆಗೀತಾರೆ ಬುಲ್ಟಿ. ನಮ್ಮ ಕೇರಿಯ ಮೋಲಿನಾಗೆ ತೆಗೆದರು, ಅವಳ ಓರಗಿತ್ತಿಗೂ ತೆಗೆದರು. ಅವರಿಗೇನು, ಮನೆ ತುಂಬ ಮಕ್ಕಳಿದ್ವು. ನನಗೆ ಹನ್ನೊಂದು ವರ್ಷದಿಂದ ಇರೋದು ಅದೊಂದೇ, ಖಾಲಿಯಾದ್ರೂ ಇದೆ."

ಠಾಕುಮಾ ಹತ್ತಿರ ಯಾವುದಕ್ಕೂ ಒಂದು ಉಪಾಯ ಇದ್ದೇ ಇರುತ್ತದೆ. ತಾನೇ ಆಸ್ಪತ್ರೆಗೆ ಹೋಗುತ್ತೇನೆ ಅಂದಳು. ಎಲ್ಲಿ ಬೇಕೋ ಅಲ್ಲಿ ಚುಚ್ಚಲಿ, ಎಷ್ಟು ಬೇಕೋ ಅಷ್ಟು ಕತ್ತರಿಸಿ ನೋಡಲಿ, ಏನೂ ಸಿಗುವುದಿಲ್ಲ, ಆಗ ರಕ್ತ ನಿಲ್ಲುವುದಕ್ಕೆ ಒಂದು ಮಾತ್ರೆ ಕೊಟ್ಟು ಕಳಿಸುತ್ತಾರೆ, ಅದನ್ನು ತಂದು ಸೊಸೆಗೆ ಕೊಡುತ್ತೇನೆ. ಕೇಳುತ್ತ ಕೇಳುತ್ತ ನನಗೂ ಅದು ಸರಿ ಅನ್ನಿಸಿಬಿಟ್ಟಿತು. ಅಷ್ಟು ಸಾಕಾಗಿಹೋಗಿತ್ತು, ಏನಾದರೂ ಮಾಡಿ ಈ ವಿಷಯ ಮುಗಿದರೆ ಸಾಕು ಅನ್ನಿಸಿತ್ತು. ಕಾಕಿ ತಲೆಯಾಡಿಸಿ ಬಟ್ಟೆ ಬದಲಿಸಲು ಎದ್ದಳು. ಅರ್ಧ ಎದ್ದವಳು ನೆಲಕ್ಕೆ ಕೈ ಊರಿ ಮತ್ತೆ ಕೂತಳು. ಅವಳು ಕೂತಿದ್ದ ಜಾಗದ ಮಣ್ಣು ನೀರಿನಿಂದಷ್ಟೇ ಒದ್ದೆಯಾಗಿರಲಿಲ್ಲ.

ಈಗಲೇ ಕರೆ ಮಾಡೋಣ ಅಂದೆ. ನಿನ್ನ ಹೆಸರಿನಲ್ಲಿ, ನನ್ನ ಫೋನಿನಿಂದ. ಬರೀ ಕೇಳುವುದು, ಅಷ್ಟೇ. ಅವಳು ಕಂಬ ಹಿಡಿದು ನಿಧಾನವಾಗಿ ಎದ್ದಳು.

ನೆಟ್‌ವರ್ಕ್ ಸಿಗುವುದು ಒಡ್ಡಿನ ಮೇಲೆ, ಮುರಿದ ತೂಬಿನ ಹತ್ತಿರ ಮಾತ್ರ. ಮೂವರೂ ಅಲ್ಲಿಗೆ ಹೋಗಿ ಕೂತೆವು. ಕಾಕಿಯ ಹೆಸರು, ವಯಸ್ಸು, ಗಂಡನ ಹೆಸರು ಹಾಕಿದೆ. ನನ್ನ ನಂಬರಿನಲ್ಲಿ ಆಗಲೇ ಇಷ್ಟು ಜನ ಇದ್ದಾರಲ್ಲ, ನಿಜವಾಗಿಯೂ ಇನ್ನೊಬ್ಬರನ್ನು ಸೇರಿಸಬೇಕಾ ಅಂತ ಫೋನೇ ಕೇಳಿತು. ಸೇರಿಸಿದೆ. ನಿಮಗಿಂತ ಮುಂದೆ ಹಲವರಿದ್ದಾರೆ, ದಯವಿಟ್ಟು ಕಾಯಿರಿ ಅಂತ ಬಂತು. ಕಾದೆವು. ದಾರಿಯಲ್ಲಿ ಹೋಗುವ ಹೆಂಗಸರು ಏನು ಮೂರೂ ಜನ ಇಲ್ಲಿ ಅಂತ ಕೇಳಿದರೆ ಠಾಕುಮಾ ತನ್ನ ಮಂಡಿನೋವು ಅನ್ನುತ್ತಿದ್ದಳು. ಬಿಸಿಲು ನದಿಯ ಆಚೆಗೆ ಜಾರಿತು, ಚಾರ್ಜ್ ಇಳಿಯಿತು, ಒಮ್ಮೆ ಕರೆ ಕಡಿದು ಮತ್ತೆ ಸಾಲಿನ ಕೊನೆಗೆ ಹೋದೆವು. ಕಾಕಿ ತಲೆಯನ್ನು ಮಂಡಿಗೆ ಆನಿಸಿಕೊಂಡಿದ್ದಳು.

ಕೊನೆಗೂ ಬಂದವರು ಹೆಂಗಸು ಡಾಕ್ಟರು. ನಡುವಯಸ್ಸು, ಬಿಚ್ಚಿದ ಕೂದಲು, ಗಂಟಲು ಕಟ್ಟಿಹೋಗಿತ್ತು. ಏನು ತೊಂದರೆ ಅಂದರು. ಕಾಕಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಡಾಕ್ಟರು ಇನ್ನೊಮ್ಮೆ ಕೇಳಿದರು. ಠಾಕುಮಾ ರೂಢಿಯಂತೆ ಪರದೆಯೊಳಕ್ಕೆ ತಲೆ ತೂರಿಸಿದಳು.

"ನನಗೆ ಒಂದು ತಿಂಗಳಿಂದ ನಿಂತೇ ಇಲ್ಲ ಡಾಕ್ಟರಮ್ಮ."

"ಇಲ್ಲಿ ಮೂವತ್ತಮೂರು ಅಂತಿದೆ. ನೀವು ಮೂವತ್ತಮೂರಾ?"

"ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಅಷ್ಟೇ," ಅಂದಳು ಠಾಕುಮಾ.

ಡಾಕ್ಟರಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಅಜ್ಜಿ, ಬೆಳಿಗ್ಗೆಯಿಂದ ಇದೇ ಕುರ್ಚಿ ಮೇಲೆ ಕೂತಿದೀನಿ. ಯಾರಿಗೆ ರಕ್ತ ಹೋಗ್ತಿದೆಯೋ ಅವರು ಮಾತಾಡಲಿ. ಇಲ್ಲದಿದ್ರೆ ಹಿಂದಿನವರಿಗೆ ಬಿಡಿ, ಅವರೂ ಕಾಯ್ತಿದಾರೆ."

ಠಾಕುಮಾ ತನ್ನ ಸೆರಗಿನ ಕಡೆ ನೋಡಿದಳು. ಅದನ್ನು ಯಾರೂ ಎಳೆಯಲಿಲ್ಲ. ಕಾಕಿ ಕೈ ಚಾಚಿ ನನ್ನಿಂದ ಫೋನ್ ತೆಗೆದುಕೊಂಡಳು.

"ನನಗೆ," ಅಂದಳು.

ಹೇಳಿದಳು. ಎಷ್ಟು ಬಟ್ಟೆ, ಎಷ್ಟು ಹೆಪ್ಪುಗಟ್ಟಿದ ಗಂಟು, ನೀರಿನಲ್ಲಿ ನಿಂತಾಗ ಹೇಗೆ, ಗಂಡ ಬಂದಿದ್ದಾಗ ಹೇಗೆ. ನಾನೂ ಠಾಕುಮಾನೂ ನದಿಯ ಕಡೆ ಮುಖ ಮಾಡಿ ಕೂತೆವು. ನಾವು ಅಲ್ಲಿಲ್ಲದ ಹಾಗೆ ಅವಳು ಹೇಳುತ್ತಿದ್ದಳು, ಇಷ್ಟು ವರ್ಷಗಳಲ್ಲಿ ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಡಾಕ್ಟರು ಕೆಳರೆಪ್ಪೆ ಎಳೆದು ತೋರಿಸಲು ಹೇಳಿದಾಗ ಫೋನನ್ನು ನಾನು ಹಿಡಿದೆ. ರೆಪ್ಪೆಯ ಒಳಗೆ ಕೆಂಪು ಇರಬೇಕಾದ ಕಡೆ ಅನ್ನದ ಗಂಜಿಯ ಬಣ್ಣ. ಮೈಯಲ್ಲಿ ರಕ್ತ ತುಂಬ ಇಳಿದಿದೆ, ಇಲ್ಲಿಂದ ನನಗೆ ಕಾಣುವುದು ಅಷ್ಟು ಮಾತ್ರ, ಉಳಿದದ್ದನ್ನು ಕೈಯಿಂದ ಮುಟ್ಟಿ ನೋಡಬೇಕು, ಸ್ಕ್ಯಾನ್ ಮಾಡಬೇಕು, ಅಲ್ಲಿಯವರೆಗೆ ನೀರಿಗೆ ಇಳಿಯಬೇಡಿ ಅಂದರು.

"ತೆಗೀತೀರಾ?" ಅಂದಳು ಕಾಕಿ.

ಡಾಕ್ಟರಿಗೆ ಯಾವುದು ಅಂತ ಕೇಳುವ ಅಗತ್ಯ ಬೀಳಲಿಲ್ಲ. ನೀರು ಕುಡಿದರು, ಗಂಟಲು ಸರಿಮಾಡಿಕೊಂಡರು.

"ತೆಗೆಯಲ್ಲ ಅಂತ ನೋಡದೆ ಮಾತು ಕೊಟ್ಟರೆ ಸುಳ್ಳಾಗಬಹುದು. ಇಂಥದ್ದು ಎಷ್ಟೋ ಸಲ ಮಾತ್ರೆಗೇ ನಿಲ್ಲುತ್ತೆ. ಏನೇ ಇದ್ರೂ ನಿಮ್ಮನ್ನ ಕೇಳದೆ ಯಾರೂ ಏನೂ ಮಾಡಲ್ಲ. ನಾಳೆ ಮಂಗಳವಾರ, ಬ್ಲಾಕ್ ಆಸ್ಪತ್ರೆಲಿ ನಾನೇ ಕೂತಿರ್ತೀನಿ. ಹನ್ನೊಂದು ಗಂಟೆಗೆ. ನೀವು ಬರ್ತೀರಾ, ಇಲ್ಲಾ ಮತ್ತೆ ಅಜ್ಜಿನ ಕಳಿಸ್ತೀರಾ?"

ಅಷ್ಟರಲ್ಲಿ ಚಿತ್ರ ನಿಂತುಹೋಯಿತು, ಡಾಕ್ಟರ ಬಾಯಿ ಅರ್ಧ ತೆರೆದುಕೊಂಡೇ. ಕಾಕಿ ಬರುತ್ತೇನೆ ಅಂದದ್ದು ಅವರಿಗೆ ತಲುಪಿತೋ ಇಲ್ಲವೋ. ಬರೆದು ಕಳಿಸು ಅಂದಳು. ಅಲೋಕಾ, ಮೂವತ್ತಮೂರು, ನಾಳೆ ಬರುತ್ತಾರೆ ಅಂತ ಬರೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಸರಿ ಅಂತ ಮರುಸಂದೇಶ ಬಂತು, ಹನ್ನೊಂದು ಗಂಟೆ, ಕೋಣೆ ನಾಲ್ಕು.

ರೆಬಾದಿಗೆ ಫೋನ್ ಮಾಡಿ ನಿಜ ಹೇಳಿದೆ. ಮೇಲಿನವರು ಕೇಳಿದರೆ ನನ್ನ ಕೆಲಸ ಉಳಿಯುತ್ತಾ, ಆ ಮುದುಕಿಯ ಹೆಸರಲ್ಲಿ ಇರುವುದನ್ನೆಲ್ಲ ಬಿಡಿಸಿ ಯಾರ್ಯಾರದು ಯಾರಿಗೆ ಅಂತ ನಾನು ಯಾವಾಗ ಬರೆಯಲಿ ಅಂತ ಬೈದಳು. ಬೈಯುವುದಕ್ಕೂ ಅವಳಲ್ಲಿ ಶಕ್ತಿ ಇರಲಿಲ್ಲ, ನಡುವೆ ನಡುವೆ ನಿಲ್ಲಿಸುತ್ತಿದ್ದಳು. ಆಮೇಲೆ, ಎಷ್ಟು ಗಂಟೆಯ ದೋಣಿ ಅಂದಳು. ಔಷಧಿ ತರಲು ಅವಳೂ ನಾಳೆ ಆಸ್ಪತ್ರೆ ಇರುವ ಆಚೆ ದಡಕ್ಕೆ ಹೋಗುವವಳಿದ್ದಳು.

ಠಾಕುಮಾ ಆಗಲೇ ನಾಳೆ ಡಾಕ್ಟರಿಗೆ ಏನೇನು ಹೇಳಬೇಕು ಅಂತ ಜೋಡಿಸತೊಡಗಿದ್ದಳು. ಮೊದಲು ಸೊಂಟನೋವಿನಿಂದ ಶುರು ಮಾಡಬೇಕು, ಆಮೇಲೆ ರಕ್ತ. ಕಾಕಿ ಒಡ್ಡಿನಿಂದ ಇಳಿಯಲು ನನ್ನ ಭುಜ ಹಿಡಿದುಕೊಂಡಳು. ಹಗುರವಾಗಿದ್ದಳು.

"ಅಮ್ಮ, ನೀವು ಬನ್ನಿ, ಆದ್ರೆ ಕೋಣೆ ಹೊರಗೆ ಕೂತಿರಿ. ಬುಲ್ಟಿನೂ ಅಷ್ಟೇ. ಒಳಗೆ ನಾನೊಬ್ಬಳೇ ಹೋಗ್ತೀನಿ," ಅಂದಳು. "ಬೆಳಿಗ್ಗೆ ಏಳರ ದೋಣಿ. ರೆಬಾದಿಗೆ ಘಾಟ್‌ಗೆ ಬರೋಕೆ ಹೇಳು."