ಬುಧವಾರದ ಮೀನು

ಮೀನು ತಿನ್ನದ ಮನೆಯಲ್ಲಿ ಹುಟ್ಟಿ, ಮೀನು ತಿನ್ನದೆಯೇ ಅರವತ್ತು ದಾಟಿ, ಆಮೇಲೆ ಮೀನಿನ ಹುಚ್ಚು ಹಿಡಿಸಿಕೊಂಡ ಮನುಷ್ಯನನ್ನು ಶಿವಮೊಗ್ಗದ ವಿನೋಬನಗರದಲ್ಲಿ ಹುಡುಕಿದರೆ ಒಬ್ಬನೇ ಸಿಗುತ್ತಾನೆ. ಹೆಸರು ಉಮಾಮಹೇಶ್ವರ. ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತನಾದವನು. ಬೆಳಗಿನ ಸಂಧ್ಯಾವಂದನೆ ತಪ್ಪಿಸುವವನಲ್ಲ, ಏಕಾದಶಿಯ ದಿನ ಅನ್ನ ಮುಟ್ಟುವವನಲ್ಲ.

ಹುಚ್ಚು ಹತ್ತಿದ್ದು ಹಿಮಾಚಲದಲ್ಲಿ. ನಿವೃತ್ತಿಯಾದ ವರ್ಷ ಹೆಂಡತಿ ಜಯಾಳ ಜೊತೆ ಟೂರಿಗೆ ಹೋಗಿದ್ದಾಗ, ಬಸ್ಸಿನವರೆಲ್ಲ ದೇವಸ್ಥಾನದ ಮೆಟ್ಟಿಲು ಹತ್ತುತ್ತಿದ್ದರೆ ಇವನು ಕೆಳಗೆ ತೊರೆಯ ದಂಡೆಯಲ್ಲಿ ನಿಂತುಬಿಟ್ಟ. ಅಲ್ಲೊಬ್ಬ ಮುದುಕ ಮೀನು ಹಿಡಿಯುತ್ತಿದ್ದ. ಎರೆಹುಳ ಇಲ್ಲ, ಹಿಟ್ಟಿನ ಉಂಡೆ ಇಲ್ಲ. ಪುಕ್ಕ ಮತ್ತು ದಾರ ಸುತ್ತಿದ ಪುಟ್ಟ ಗಾಳವನ್ನು ನೊಣ ಕೂತ ಹಾಗೆ ನೀರಿನ ಮೇಲೆ ಇಳಿಸುವುದು, ಟ್ರೌಟ್ ಎನ್ನುವ ಚುಕ್ಕೆಚುಕ್ಕೆಯ ಮೀನನ್ನು ಎಳೆದುಕೊಳ್ಳುವುದು, ಕೈಯಲ್ಲಿ ಒಂದು ಕ್ಷಣ ನೋಡಿ ಮತ್ತೆ ನೀರಿಗೇ ಬಿಡುವುದು. ಹಿಡಿಯುವುದುಂಟು, ಕೊಲ್ಲುವುದಿಲ್ಲ! ಇಷ್ಟು ವರ್ಷ ಯಾರೋ ತನ್ನಿಂದ ಮುಚ್ಚಿಟ್ಟಿದ್ದ ಸುಖವೊಂದು ಕೈಗೆ ಸಿಕ್ಕಿದಂತೆ ಉಮಾಮಹೇಶ್ವರ ಹಿಗ್ಗಿದ.

ಊರಿಗೆ ಬಂದವನೇ ಆನ್‌ಲೈನ್‌ನಲ್ಲಿ ಕೋಲು ತರಿಸಿದ. ತಾರಸಿಯ ಮೇಲೆ ನಿಂತು ದಾರ ಬೀಸುವುದನ್ನು ಕಲಿತ. ಪಕ್ಕದ ಮನೆಯ ಷಣ್ಮುಖಪ್ಪನವರು ಒಣಹಾಕಿದ್ದ ಪಂಚೆಗೆ ಗಾಳ ಸಿಕ್ಕಿಕೊಂಡು, ಪಂಚೆ ಹಾರಿ ರಸ್ತೆಗೆ ಬಿದ್ದ ಕತೆ ಆ ಬೀದಿಯಲ್ಲಿ ಈಗಲೂ ಚಾಲ್ತಿಯಲ್ಲಿದೆ. ಜಯಾ ನಾಚಿಕೆಯಿಂದ ಸತ್ತಂತಾಗಿ ಕೆಲವು ದಿನ ಮಾತು ಬಿಟ್ಟಳು. ಆಮೇಲೆ ಒಂದು ಷರತ್ತು ಹಾಕಿದಳು.

"ನಿಮ್ಮ ಕೈಯಿಂದ ಒಂದು ಮೀನು ಸತ್ರೂ ಆ ಕೋಲು ಅಟ್ಟ ಸೇರ್ಬೇಕು. ಆಮೇಲೆ ಮುಟ್ಟೋ ಹಾಗಿಲ್ಲ. ಒಪ್ಪಿಗೇನಾ?"

"ಒಪ್ಪಿಗೆ. ದೇವರಾಣೆ," ಎಂದ. ದೇವರಮನೆಯ ಹೊಸ್ತಿಲ ಮೇಲೆ ನಿಂತೇ ಹೇಳಿದ ಮಾತು ಅದು.

ಆ ಮಾತನ್ನು ಅವನು ಉಳಿಸಿಕೊಳ್ಳುತ್ತಿದ್ದ ರೀತಿ ನೋಡಿದರೆ ಯಾರಿಗಾದರೂ ನಗು ಬರಬೇಕು. ಬಿಡಿಸುವಾಗ ಬಾಯಿ ಹರಿಯಬಾರದೆಂದು ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತಿದ್ದ. ಒಣಗಿದ ಕೈಯಲ್ಲಿ ಮುಟ್ಟಿದರೆ ಮೈಯ ಲೋಳೆ ಹೋಗುತ್ತದೆಂದು ಮೊದಲು ಕೈ ನೆನೆಸಿಕೊಳ್ಳುತ್ತಿದ್ದ. ಸುಸ್ತಾದ ಮೀನನ್ನು ಹರಿವಿಗೆ ಮುಖಮಾಡಿ ಹಿಡಿದು, ಅದರ ಕಿವಿರು ಸರಿಯಾಗಿ ಆಡುವ ತನಕ ಮಂಡಿಯುದ್ದದ ನೀರಿನಲ್ಲಿ ಬಗ್ಗಿ ನಿಲ್ಲುತ್ತಿದ್ದ, ಸೊಂಟ ಹಿಡಿದುಕೊಂಡರೂ ಸರಿಯೇ. ಎಳೆಮಗುವಿಗೆ ಎಣ್ಣೆನೀರು ಹಾಕುವವರೂ ಅಷ್ಟು ಜೋಪಾನ ಮಾಡುವುದಿಲ್ಲ.

ಹಳ್ಳ ತೋರಿಸಿದವನು ಮನೋಹರ. ಅದೇ ಇಲಾಖೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತು ತಲೆ ನರೆಸಿಕೊಂಡ ಗೆಳೆಯ. ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಊರಾಚೆ ಅವನ ಮನೆತನದ ಭತ್ತದ ಗದ್ದೆ, ಗದ್ದೆಯ ಅಂಚಿಗೆ ಒಂದು ಸಣ್ಣ ಹಳ್ಳ. ನಾಲೆಯ ಬಸಿನೀರು ಸೇರುವುದರಿಂದ ಬೇಸಿಗೆಯಲ್ಲೂ ಅದು ಬತ್ತುವುದಿಲ್ಲ. ಯುಗಾದಿಯ ಆಸುಪಾಸಿನಲ್ಲಿ ದಂಡೆಯ ಹೊಂಗೆಯ ಹೂ ನೀರಿಗೆ ಉದುರುತ್ತದೆ; ಹೂವಿನ ಜೊತೆ ಬೀಳುವ ಹುಳುಗಳಿಗೆ ಮೀನುಗಳು ಮೇಲೆದ್ದು ಬಾಯಿ ಹಾಕುತ್ತವೆ. ಟ್ರೌಟ್ ಇಲ್ಲದಿದ್ದರೇನಂತೆ, ಬೆಳ್ಳಗೆ ಹೊಳೆಯುವ ಈ ಊರಿನ ಮೀನುಗಳೇ ಸಾಕು ಎಂದು ಉಮಾಮಹೇಶ್ವರ ಕುಣಿದಾಡಿದ. ಜಯಾ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಉಳಿದ ರೇಷ್ಮೆ ದಾರದ ತುಂಡುಗಳನ್ನು ಗಂಡನಿಗೆಂದು ಒಂದು ಡಬ್ಬಿಯಲ್ಲಿ ಎತ್ತಿಡುತ್ತಿದ್ದಳು. ಆ ದಾರದಿಂದ ಪುಕ್ಕವನ್ನು ಗಾಳಕ್ಕೆ ಸುತ್ತಿ ಅವನು ಹುಸಿ ಹುಳು ಕಟ್ಟುತ್ತಿದ್ದ. ಕೋಳಿಯ ಪುಕ್ಕವನ್ನು ಮಾತ್ರ ಮನೋಹರನೇ ತೊಳೆದು ಒಣಗಿಸಿ ಕವರಿನಲ್ಲಿ ತಂದುಕೊಡುತ್ತಿದ್ದ, ಜಯಾಳಿಗೆ ಗೊತ್ತಾಗದ ಹಾಗೆ.

ಬುಧವಾರ ಅವರ ದಿನ. ಜನ್ನಾಪುರದ ತನಕ ಬಸ್ಸು, ಅಲ್ಲಿಂದ ಹಳ್ಳಕ್ಕೆ ಮನೋಹರನ ಕಾರು. ಉಮಾಮಹೇಶ್ವರ ಒಮ್ಮೆ, "ಶನಿವಾರ ಹೋಗಣ ಕಣೋ, ಬಸ್ಸಲ್ಲಿ ಆಫೀಸಿನ ಗಲಾಟೆ ಇರಲ್ಲ," ಎಂದಿದ್ದ. ಮನೋಹರ ತಲೆ ಅಲ್ಲಾಡಿಸಿದ. "ಶನಿವಾರ ಬೇಡ ಮಾರಾಯ, ಪಂಪಿಗೆ ಕರೆಂಟ್ ಇರಲ್ಲ. ಬುಧವಾರ ಆದ್ರೆ ನಿನ್ನ ಜೊತೆ ಬಂದ ಹಾಗೂ ಆಯ್ತು, ಗದ್ದೆಗೆ ನೀರು ಹಾಯ್ಸಿದ ಹಾಗೂ ಆಯ್ತು." ಸೋಮವಾರವೂ ಬೇಡವೆಂದ, ಗುರುವಾರವೂ ಬೇಡವೆಂದ. ವಿದ್ಯುತ್ ಇಲಾಖೆಯಲ್ಲೇ ಆಯುಷ್ಯ ಸವೆಸಿದ ಇಂಜಿನಿಯರ್ ಆ ಕರೆಂಟಿನ ಕತೆಯನ್ನು ನಂಬಿದ!

ಮನೋಹರ ಹೇಳುತ್ತಿದ್ದ ಇನ್ನೊಂದು ಮಾತೂ ಇತ್ತು. "ಮೇಲಿನ ಗುಂಡೀಲಿ ಎಷ್ಟು ಬೇಕಾದ್ರೂ ಆಡು. ತಿರುವಿನಿಂದ ಕೆಳಗೆ ಮಾತ್ರ ಹೋಗ್ಬೇಡ, ಹಾವು ಜಾಸ್ತಿ." ಇವನು ಹೋಗಲಿಲ್ಲ. ಆಟ ಮುಗಿದ ಮೇಲೆ ಮನೋಹರ, "ನೀನು ಕಾರಲ್ಲಿ ಕೂತಿರು, ಮೋಟಾರ್ ಆಫ್ ಮಾಡ್ಕೊಂಡು ಬರ್ತೀನಿ," ಎಂದು ಚೀಲ ಹಿಡಿದು ಹೋಗುವನು. ಬರುವಾಗ ಚೀಲದ ಬಾಯಿಗೆ ಸೊಪ್ಪು ತುಂಬಿರುತ್ತಿತ್ತು. ಕಾರಿನಲ್ಲಿ ಕೂತ ಇವನಿಗೆ ಮನಸ್ಸು ಹಗುರ, ಮೈ ಹಗುರ. ಮನೆಗೆ ಬಂದು ಜಯಾಳಿಗೆ ಪಾಠ ಮಾಡುತ್ತಿದ್ದ: "ಒಂದ್ಸಲ ಬಿಟ್ಟ ಮೀನು ಮತ್ತೆ ನನ್ನ ಗಾಳಕ್ಕೆ ಬಿದ್ದಿದ್ದೇ ಇಲ್ಲ ಕಣೇ. ಬುದ್ಧಿ ಕಲೀತವೆ. ನಾವು ಅವಕ್ಕೆ ದಡ್ಡ ಪ್ರಾಣಿ ಅಂತೀವಿ." ಜಯಾ ದಾರ ಗಂಟುಹಾಕುತ್ತಾ "ಹೂಂ" ಅನ್ನುತ್ತಿದ್ದಳು.

ಈ ಸಲದ ಯುಗಾದಿ ಕಳೆದ ಮೇಲಿನ ಬುಧವಾರ ದೊಡ್ಡದೊಂದು ಬಿತ್ತು. ಮೊಳಕೈ ಉದ್ದದ ಮೀನು, ರೆಕ್ಕೆಗಳಲ್ಲಿ ಹೊಂಬಣ್ಣ. ಅದು ಗುಂಡಿಯನ್ನೆಲ್ಲ ಕಲಕಿತು, ಬೇರಿನ ಕೆಳಗೆ ನುಗ್ಗಿತು, ಇವನ ಮುಂಗೈ ನಡುಗಿಸಿತು. ಕೊನೆಗೆ ಕೈಗೆ ಬಂದಾಗ ಗಾಳ ದವಡೆಯ ಒಳಮೂಲೆಗೆ ಇಳಿದಿತ್ತು. ಇಕ್ಕಳ ಕಾರಿನಲ್ಲಿ ಉಳಿದಿದೆ. ಎಳೆದರೆ ಹರಿಯುತ್ತದೆ. ಉಮಾಮಹೇಶ್ವರ ದಾರವನ್ನೇ ಕತ್ತರಿಸಿದ. ರಾಣಿ ಬಣ್ಣದ ದಾರದ ಹುಳುವನ್ನು ಬಾಯಲ್ಲಿ ಇಟ್ಟುಕೊಂಡೇ ಮೀನು ಅವನ ಅಂಗೈಯಲ್ಲಿ ಉಸಿರಾಡಿತು, ಚೇತರಿಸಿಕೊಂಡಿತು, ಕೆಳಗಿನ ಹರಿವಿಗೆ ಜಾರಿತು.

ವಾಪಸಾಗುವ ದಾರಿಯಲ್ಲಿ ಅವನಿಗೆ ಅದೇ ಯೋಚನೆ. "ಉದುರಿ ಹೋಗುತ್ತೆ ಅಂತೀಯಾ? ತಿನ್ನೋಕೆ ಆಗ್ದೆ ಸತ್ತೋದ್ರೆ?"

"ಮುಳ್ಳೇ ಇಲ್ಲ ಅದಕ್ಕೆ. ತಾನಾಗೇ ಬೀಳುತ್ತೆ ಬಿಡು," ಎಂದ ಮನೋಹರ, ರಸ್ತೆಯಿಂದ ಕಣ್ಣು ತೆಗೆಯದೆ. ಸೊಪ್ಪಿನ ಚೀಲ ಹಿಂದಿನ ಸೀಟಿನ ಕೆಳಗಿತ್ತು.

ಅದಾದ ಮೇಲಿನ ಶುಕ್ರವಾರ ಜಯಾ ಒಂದು ಸೀರೆ ಕೊಟ್ಟಳು. ಮನೋಹರನ ಹೆಂಡತಿ ಪುಷ್ಪಮ್ಮನದು, ಕುಚ್ಚು ಕಟ್ಟಿ ಮುಗಿದಿತ್ತು. ಉಮಾಮಹೇಶ್ವರ ಅದನ್ನು ತಲುಪಿಸಲು ಬಸ್ಸು ಹಿಡಿದು ಜನ್ನಾಪುರಕ್ಕೆ ಹೋದ. ಮನೋಹರ ಅಂಗಡಿಗೆ ಹೋಗಿದ್ದ. ಪುಷ್ಪಮ್ಮ ಕಾಫಿ ಕೊಟ್ಟು, ಸೀರೆಯ ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಚ್ಚಿ, ಆಮೇಲೆ ಏನೋ ನೆನಪಾದವಳಂತೆ ಒಳಗೆ ಹೋದಳು. ಸ್ಟೀಲ್ ಡಬ್ಬಿಯ ಮುಚ್ಚಳವೊಂದನ್ನು ತಂದು ಅವನ ಮುಂದೆ ಇಟ್ಟಳು.

"ನಿಮ್ದು ಉಮಣ್ಣ. ತೊಳೆದು ಇಟ್ಟಿದೀನಿ. ಜಯಕ್ಕನ ದಾರ ಅಲ್ವಾ, ನೋಡಿದ ಕೂಡ್ಲೇ ಗುರುತು ಸಿಕ್ತು."

ಮುಚ್ಚಳದಲ್ಲಿ ರಾಣಿ ಬಣ್ಣದ ಹುಳು ಇತ್ತು. ಪುಕ್ಕ ಸ್ವಲ್ಪ ಹಿಪ್ಪೆಯಾಗಿತ್ತು, ದಾರದ ಬಣ್ಣ ಹಾಗೇ ಇತ್ತು.

"ಎಲ್ಲಿ ಸಿಕ್ತು ಇದು?"

"ಮೀನಿನ ಬಾಯಲ್ಲಿ! ಹೆಚ್ಚುವಾಗ ಕೈಗೆ ಚುಚ್ಚೋದರಲ್ಲಿತ್ತು," ಎಂದು ಪುಷ್ಪಮ್ಮ ನಕ್ಕಳು. "ಈ ಸಲದ್ದು ಎಷ್ಟು ದೊಡ್ಡದು ಉಮಣ್ಣ! ಮಗಳ ಮನೆಗೂ ಕಳಿಸ್ದೆ. ನೀವು ತಿನ್ನಲ್ಲ, ಆದ್ರೂ ನಮಗೋಸ್ಕರ ಬಿಸಿಲಲ್ಲಿ ನಿಂತು ಹಿಡಿತೀರಲ್ಲ, ಯಾವ ಅಣ್ಣ ಮಾಡ್ತಾನೆ? ಅದೂ ಒಂದಾದ್ರೂ ನಲುಗಿರಲ್ಲ. ನೀವು ಕೂಣಿಗೆ ಬಿಟ್ಟಿದ್ದನ್ನ ತೆಗೆಯೋವಾಗ ಇನ್ನೂ ಎಗರ್ತಿರುತ್ತಂತೆ. ನಿಮ್ಮ ಕೈ ಅಷ್ಟು ನಾಜೂಕು."

ಕೂಣಿ! ಹರಿವಿಗೆ ಬಾಯಿಕೊಟ್ಟು ಇಡುವ ಬಿದಿರಿನ ಬುಟ್ಟಿ, ಒಳಗೆ ಹೋದ ಮೀನು ಹೊರಗೆ ಬರುವ ಹಾಗಿಲ್ಲ. ಉಮಾಮಹೇಶ್ವರ ಹುಳುವನ್ನು ಎತ್ತಿ ಅಂಗೈಯಲ್ಲಿ ಮುಚ್ಚಿಕೊಂಡ. ತಿರುವಿನ ಕೆಳಗಿನ ಹಾವು, ಮೋಟಾರು, ಸೊಪ್ಪು ತುಂಬಿದ ಚೀಲ ಎಲ್ಲ ಒಂದರ ಹಿಂದೆ ಒಂದು ಕಣ್ಣೆದುರು ಬಂದು ನಿಂತವು. ಸೋಮವಾರ, ಗುರುವಾರ, ಶನಿವಾರ ಈ ಮನೆಯಲ್ಲಿ ಮೀನು-ಮಾಂಸ ಬೇಯುವುದಿಲ್ಲ. ಅದು ಅವನಿಗೆ ಗೊತ್ತಿದ್ದ ವಿಷಯವೇ. ಗೊತ್ತಿದ್ದೂ ಕರೆಂಟನ್ನು ನಂಬಿದ್ದ. ಬುದ್ಧಿ ಕಲಿತ ಮೀನುಗಳೆಲ್ಲ ಎಲ್ಲಿಗೆ ಹೋದವು ಅಂತಲೂ ಈಗ ಗೊತ್ತಾಯಿತು.

ಗೇಟು ಸದ್ದಾಯಿತು. ಮನೋಹರ ತರಕಾರಿಯ ಚೀಲ ಹಿಡಿದು ಬಂದ. "ಓ, ಬಂದ್ಯಾ ಮಾರಾಯ! ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ."

ಉಮಾಮಹೇಶ್ವರ ಅಂಗೈ ಬಿಚ್ಚಿ ತೋರಿಸಿದ. ಮನೋಹರ ಅದನ್ನು ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ. ಪುಷ್ಪಮ್ಮನಿಗೆ ತಾನು ಏನು ತಪ್ಪು ಮಾಡಿದೆ ಎಂದು ತಿಳಿಯಲಿಲ್ಲ. ತರಕಾರಿ ಚೀಲ ತೆಗೆದುಕೊಂಡು ಒಳಗೆ ಹೋದಳು.

"ಯಾವಾಗಿಂದ?"

"ಕೂತ್ಕೊ, ಮಾತಾಡಣ."

"ಯಾವಾಗಿಂದ ಅಂದೆ."

"ಮೊದಲಿಂದ," ಎಂದ ಮನೋಹರ. ತಕ್ಷಣ ಧ್ವನಿ ಏರಿಸಿದ. "ಇದರಲ್ಲಿ ಮೋಸ ಎಲ್ಲಿ ಬಂತು? ನೀನು ಬಿಟ್ಟೆ, ನಿನ್ನ ಮಾತು ಉಳೀತು. ಆಮೇಲೆ ಅದು ಹಳ್ಳದ ಮೀನು. ನಾನು ಹಿಡಿದೆ."

"ಬೇಸಿಗೇಲಿ ಬರೀ ಕೂಣಿ ಇಟ್ರೆ ಮೀನು ಬೀಳುತ್ತಾ?"

ಮನೋಹರ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದ.

"ಕೇಳ್ತಿದೀನಿ. ಬೀಳುತ್ತಾ?"

"ಇಲ್ಲ. ಮಳೆಗಾಲದಲ್ಲಾದ್ರೆ ಬೀಳುತ್ತೆ. ಈಗ ದಣಿದಿದ್ದು ಮಾತ್ರ ಕೆಳಗೆ ಜಾರೋದು."

"ಅಂದ್ರೆ ದಣಿಸಿ, ಉಪಚಾರ ಮಾಡಿ, ನಿನ್ನ ಬುಟ್ಟಿಗೆ ಕಳಿಸೋನು ನಾನು. ಬೇಟೇಲಿ ನಾಯಿ ಇರುತ್ತಲ್ಲ, ಹಾಗೆ."

"ಉಮಾ, ಹಾಗೆಲ್ಲ ಅನ್ಬೇಡ." ಮನೋಹರನ ಧ್ವನಿ ಇಳಿಯಿತು. "ಹೇಳಿದ್ರೆ ನೀನು ಬರೋದು ನಿಲ್ಲಿಸ್ತಿದ್ದೆ. ಆಫೀಸು ಬಿಟ್ಟ ಮೇಲೆ ನನಗೆ ಇನ್ಯಾರಿದಾರೆ ಮಾರಾಯ? ಮೀನು ಪೇಟೇಲಿ ಸಿಗಲ್ವಾ?"

ಬರೀ ಮೀನಿನ ಆಸೆಗೆ ಮಾಡಿದೆ ಎಂದಿದ್ದರೆ ಬಾಯಿತುಂಬ ಬೈದು ಬರಬಹುದಿತ್ತು. ಸ್ನೇಹದ ಹೆಸರು ತೆಗೆದ ಮೇಲೆ ಉಮಾಮಹೇಶ್ವರನಿಗೆ ಮೈಯೆಲ್ಲ ಉರಿಯಿತು, ಬೈಗುಳ ಮಾತ್ರ ಒಂದೂ ನೆನಪಿಗೆ ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ.

ಬಸ್ಸಿನಲ್ಲಿ ಕೂತವನಿಗೆ ಕಿಟಕಿಯಾಚೆ ಏನೂ ಕಾಣಲಿಲ್ಲ. ತನ್ನ ಎರಡು ಕೈಗಳನ್ನೇ ನೋಡಿಕೊಂಡ. ಈ ಕೈಗಳನ್ನು ಒದ್ದೆ ಮಾಡಿಕೊಂಡು, ಈ ಕೈಗಳಲ್ಲೇ ಎತ್ತಿ ಹಿಡಿದು, ಉಸಿರು ಬರಿಸಿ, ಸಾಯಲು ಕಳಿಸಿದ್ದ. ಸಂಜೆ ಬಂದು ಇದೇ ಕೈಗಳಿಂದ ದೇವರ ದೀಪಕ್ಕೆ ಎಣ್ಣೆ ಹಾಕಿದ್ದ. ಜಯಾಳಿಗೆ ಯಾವ ಮುಖ ತೋರಿಸುವುದು? ಹೇಳಲೇಬೇಕು. ಮಾತು ಕೊಟ್ಟದ್ದು ಅವಳಿಗೆ.

ಜಯಾ ನಡುಮನೆಯಲ್ಲಿ ಸೀರೆಯೊಂದರ ಸೆರಗನ್ನು ಮಂಚದ ಕಾಲಿಗೆ ಕಟ್ಟಿಕೊಂಡು ಕುಚ್ಚು ಹಾಕುತ್ತಿದ್ದಳು. ಅವನು ಎದುರು ಕೂತು ಎಲ್ಲ ಹೇಳಿದ. ಒಂದನ್ನೂ ಬಿಡದೆ ಹೇಳಿದ. ಜಯಾಳ ಬೆರಳು ನಿಲ್ಲಲಿಲ್ಲ. ಹಲ್ಲಿನಲ್ಲಿ ದಾರ ಕಚ್ಚಿ ಗಂಟು ಬಿಗಿದಳು.

"ನನಗೆ ಗೊತ್ತಿತ್ತು," ಎಂದಳು.

ಅವನಿಗೆ ಅರ್ಥವಾಗಲಿಲ್ಲ.

"ಹೋದ ವರ್ಷ ಪುಷ್ಪಮ್ಮ ಸೀರೆ ಕೊಡೋಕೆ ಬಂದಾಗ ಅವರೇ ಹೇಳಿದ್ರು. ಉಮಣ್ಣ ನಮಗೆ ಮೀನು ಹಿಡಿದು ಕೊಡ್ತಾರೆ ಅಂತ. ಮೊದಲು ನೀವೇ ಮಾತು ತಪ್ಪಿದೀರಿ ಅಂದ್ಕೊಂಡು ಮೈ ಉರೀತು. ಆಮೇಲೆ ಬುಧವಾರ ನೀವು ಬಂದು, ಮೀನು ಬುದ್ಧಿ ಕಲೀತವೆ ಅಂದ್ರಲ್ಲ, ನಿಮಗೇ ಗೊತ್ತಿಲ್ಲ ಅಂತ ಗೊತ್ತಾಯ್ತು."

"ಹೇಳಲಿಲ್ಲ ನೀನು."

"ಹೇಳಿದ್ರೆ ಕೋಲು ಅಟ್ಟಕ್ಕೆ ಹಾಕಿ ಮನೇಲಿ ಕೂರ್ತಿದ್ರಿ. ಕೂತು ಏನ್ ಮಾಡ್ತಿದ್ರಿ? ನನ್ನ ಫ್ರಿಜ್ ಜೋಡಿಸ್ತಿದ್ರಿ. ಹೆಸರುಕಾಳಿನ ಡಬ್ಬಕ್ಕೆ ಚೀಟಿ ಅಂಟಿಸ್ತಿದ್ರಿ." ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. "ವಾರಕ್ಕೆ ಒಂದು ದಿನ ಮನೆ ನನ್ನದಾಗಿರ್ತಿತ್ತು ರೀ. ನಿಮ್ಮ ಮಾತು ನನಗೆ ಅಷ್ಟೇನೂ ಬೇಕಿರ್ಲಿಲ್ಲ. ಬುಧವಾರ ಬೇಕಿತ್ತು."

ಮನೋಹರ ಮೋಸ ಮಾಡಿದಾಗ ಉರಿ ಹತ್ತಿತ್ತು. ಈಗ ಅದೂ ಇಲ್ಲ. ತಾನು ಸೊಂಟ ಮುರಿದುಕೊಂಡು ಕಾಪಾಡಿದ ಮಾತನ್ನು ಪಡೆದವಳೇ ಎಂದೋ ಕೈಬಿಟ್ಟಿದ್ದಳು. ಮೂವರು ತಿಳಿದವರ ನಡುವೆ ತಾನೊಬ್ಬನೇ ತಿಳಿಯದವನಾಗಿ ಹುಳು ಕಟ್ಟುತ್ತಾ ಕೂತಿದ್ದ.

ಫೋನು ರಿಂಗಾಯಿತು. ಮನೋಹರ. ಅವನು ಎತ್ತಲಿಲ್ಲ; ಜಯಾ ಕೈಚಾಚಿ ಎತ್ತಿದಳು. "ಹೂಂ ಮನೋಹರಣ್ಣ... ಇಲ್ಲ, ಇಲ್ಲೇ ಇದಾರೆ... ಸ್ವಲ್ಪ ಬೇಜಾರಾಗಿದಾರೆ ಅಷ್ಟೇ. ಬರ್ತಾರೆ ಬಿಡಿ, ಬುಧವಾರ ನಾನೇ ಕಳಿಸ್ತೀನಿ."

ಉಮಾಮಹೇಶ್ವರ ಎದ್ದ. ಬಾಗಿಲ ಹಿಂದೆ ಒರಗಿಸಿದ್ದ ಕೋಲನ್ನು ತೆಗೆದುಕೊಂಡ, ಏಣಿ ಹಾಕಿ ಹತ್ತಿದ, ಅಟ್ಟದ ಮೂಲೆಯಲ್ಲಿ ಹಳೆಯ ಹಂಡೆಯ ಹಿಂದೆ ಅದನ್ನು ಮಲಗಿಸಿದ. ಜಯಾ ಕೆಳಗಿನಿಂದ, "ಏನ್ರೀ ಇದು, ನಾನೇ ಬೇಡ ಅಂತಿರುವಾಗ!" ಎಂದಳು.

"ಮಾತು ಕೊಟ್ಟಿದ್ದೆ," ಎಂದ. ಯಾರಿಗೆ ಎಂದು ಹೇಳಲಿಲ್ಲ.

ಬುಧವಾರ ಬಂತು. ಸ್ನಾನ, ಸಂಧ್ಯಾವಂದನೆ, ತಿಂಡಿ ಎಲ್ಲ ಮುಗಿಯಿತು. ಫೋನು ರಿಂಗಾಗಿ ರಿಂಗಾಗಿ ನಿಂತಿತು. ಈ ಸಲ ಇಬ್ಬರೂ ಎತ್ತಲಿಲ್ಲ. ಉಮಾಮಹೇಶ್ವರ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲು ತೆರೆದ. ಹಾಲಿನ ಪಾತ್ರೆ, ದೋಸೆಹಿಟ್ಟು, ಕೊತ್ತಂಬರಿ ಕಟ್ಟು ಒಂದೊಂದಾಗಿ ಹೊರಗಿಟ್ಟು, ಒಳಗೆ ಒರೆಸಿ, ಮತ್ತೆ ಎತ್ತರದ ಪ್ರಕಾರ ಜೋಡಿಸತೊಡಗಿದ.

ನಡುಮನೆಯಿಂದ ಜಯಾ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗಿನಡಿಯಲ್ಲಿ ಬಿದ್ದಿದ್ದ ರೇಷ್ಮೆ ದಾರದ ತುಂಡುಗಳನ್ನು ಕೈಯಿಂದ ಒಟ್ಟುಮಾಡಿ, ಡಬ್ಬಿಯನ್ನು ಒಮ್ಮೆ ನೋಡಿ, ಕಸದ ಬುಟ್ಟಿಗೆ ಹಾಕಿದಳು.