ಮೇಷ್ಟ್ರು ನಿಲ್ಲಿಸಿದ ಜಾಗ

ಮೇಷ್ಟ್ರ ಬಾಯಿ ಎಡಗಡೆಗೆ ಜೋತುಬಿದ್ದು ವರ್ಷದ ಮೇಲಾಗಿತ್ತು. ಊಟ ಮಾಡಬಲ್ಲರು, ಮಾತಾಡಬಲ್ಲರು, ಸಿಟ್ಟು ಬಂದರೆ ಬೈಯಲೂ ಬಲ್ಲರು. ಸ್ಯಾಕ್ಸೊಫೋನಿನ ಮೂತಿಯನ್ನು ತುಟಿಗಳ ನಡುವೆ ಬಿಗಿ ಹಿಡಿಯುವುದು ಮಾತ್ರ ಆಗುತ್ತಿರಲಿಲ್ಲ. ಊದಿದ ಗಾಳಿಯೆಲ್ಲ ತುಟಿಯ ಮೂಲೆಯಿಂದ ಸೋರಿಹೋಗುತ್ತಿತ್ತು. "ನರ ತಾನಾಗಿ ಸರಿಹೋಗುತ್ತೆ" ಎಂದಿದ್ದರು ಡಾಕ್ಟರು. ಅರ್ಧ ಸರಿಹೋಗಿ ಅಲ್ಲೇ ಕೂತುಬಿಟ್ಟಿತು.

ಹೋಟೆಲುಗಳಲ್ಲಿ, ಉಣ್ಣುವವರ ತಟ್ಟೆ ಚಮಚದ ಸದ್ದಿನ ನಡುವೆ ಜಾಝ್ ನುಡಿಸುತ್ತ ಶುರು ಮಾಡಿದ ಮನುಷ್ಯ. ಆಮೇಲೆ ತಮ್ಮದೇ ಬ್ಯಾಂಡ್ ಕಟ್ಟಿದರು, ತಾವೇ ಟ್ಯೂನುಗಳನ್ನು ಹೆಣೆದರು. ಅವುಗಳಲ್ಲಿ ಒಂದು ಅವರನ್ನು ಮನೆಮಾತು ಮಾಡಿತು. ಅದರ ನಡುವೆ ಇಡೀ ಬ್ಯಾಂಡು ಒಮ್ಮೆಲೇ ನಿಂತುಬಿಡುತ್ತದೆ. ಕೇಳುವವರು ಉಸಿರು ಬಿಗಿಹಿಡಿದಿರುವಾಗ ಮತ್ತೆ ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ. ಆ ಮೌನದ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದವು.

ನಡೆದದ್ದೇನೆಂದು ಬ್ಯಾಂಡಿನವರಿಗಷ್ಟೇ ಗೊತ್ತು. ರೆಕಾರ್ಡಿಂಗಿನ ದಿನ ಎಂಜಲು ಒಣಗಿ ಸ್ಯಾಕ್ಸೊಫೋನಿನ ಒಂದು ಕೀ ಅಂಟಿಕೊಂಡಿತ್ತು. ಸ್ವರ ಹೊರಡಲಿಲ್ಲ. ಮೇಷ್ಟ್ರ ವಾದ್ಯ ನಿಂತರೆ ಎಲ್ಲರೂ ನಿಲ್ಲಬೇಕು, ಅವರು ಬಲಭುಜ ಎತ್ತುವವರೆಗೆ ಯಾರೂ ಮಿಸುಕಬಾರದು ಅನ್ನುವುದು ಆ ಬ್ಯಾಂಡಿನ ಕಟ್ಟುಪಾಡು. ಎಲ್ಲರೂ ನಿಂತರು. ಮೇಷ್ಟ್ರು ಬೆರಳಿನಿಂದ ಕೀ ಎಬ್ಬಿಸಿ ಭುಜ ಎತ್ತಿದರು. ಸ್ಟುಡಿಯೋದ ಹೊತ್ತು ಮುಗಿದಿತ್ತು, ಹಾಗೇ ಹೊರಬಂತು.

ಆ ಜಾಗದಲ್ಲಿ ಇರಬೇಕಾಗಿದ್ದದ್ದು ಹೆಂಡತಿಗಾಗಿ ಕಟ್ಟಿದ ಸ್ವರಗಳ ಒಂದು ಪುಟ್ಟ ಸಾಲು. "ನನ್ನ ಪಾಲಿನದನ್ನ ನುಂಗಿ ನೀರು ಕುಡಿದ್ರಲ್ಲ" ಎಂದು ಆಕೆ ರೇಗಿಸುತ್ತಿದ್ದರು. ಒಮ್ಮೆ ವೇದಿಕೆಯಲ್ಲಿ ಅದನ್ನು ನುಡಿಸಹೋದರೆ ಜನ ಗುಸುಗುಸು ಶುರುಮಾಡಿದರು. ಅವರಿಗೆ ಮೌನವೇ ಬೇಕಾಗಿತ್ತು. ಮುಂದಿನ ಸಲ, ಮುಂದಿನ ಸಲ ಅನ್ನುತ್ತಿರುವಾಗಲೇ ಆಕೆ ತೀರಿಕೊಂಡರು.

ಈಗ ಅದೇ ಟ್ಯೂನನ್ನು ಹೊಸದಾಗಿ ರೆಕಾರ್ಡ್ ಮಾಡುತ್ತಿದ್ದರು. ಮೇಷ್ಟ್ರ ಜಾಗದಲ್ಲಿ ಅವರ ಶಿಷ್ಯೆ. ಆ ಸಾಲನ್ನು ಈ ಸಲವಾದರೂ ಸೇರಿಸಬೇಕೆಂದು ಮೇಷ್ಟ್ರು ಪಟ್ಟು ಹಿಡಿದರು.

"ಭಾವ, ಅಂಟಿದ ಆ ಕೀ ನಮಗೆಲ್ಲ ಅನ್ನ ಹಾಕಿದೆ. ಅದನ್ಯಾಕೆ ಈಗ ಕೆದಕ್ತೀರಿ?" ಎಂದ ಡ್ರಮ್ಮಿನವನು. ಅವನು ಮೇಷ್ಟ್ರ ಹೆಂಡತಿಯ ತಮ್ಮ.

"ನಿನ್ನಕ್ಕನಿಗೆ ಮಾತು ಕೊಟ್ಟಿದ್ದೆ ಕಣೋ."

ಅವನು ಡ್ರಮ್ಮಿನ ಕಡ್ಡಿಗಳನ್ನು ಎತ್ತಿಕೊಂಡ.

ಮೇಷ್ಟ್ರು ಬರೆದುಕೊಟ್ಟಿದ್ದನ್ನು ನೋಡಿಕೊಂಡು ಶಿಷ್ಯೆ ನುಡಿಸಿದಳು. ಒಂದು ಸ್ವರವೂ ಆಚೀಚೆ ಆಗಲಿಲ್ಲ.

"ಸರಿ ಇದೆಯಾ ಮೇಷ್ಟ್ರೇ?"

"ಸ್ವರ ಸರಿ ಇದೆಯಮ್ಮ. ಆದ್ರೆ ಇದಲ್ಲ."

"ನಿಧಾನ ಮಾಡ್ಲಾ?"

"ಊಹೂಂ."

"ಇನ್ನೂ ಸ್ವಲ್ಪ ಮೆತ್ತಗೆ?"

"ಅದೂ ಅಲ್ಲ. ಹೇಗೆ ಹೇಳ್ಲಿ... ಬಾಗಿಲು ತೆರೆದೇ ಇದೆ ಅಂತ ಗೊತ್ತು, ಆದ್ರೂ ತಟ್ತೀವಲ್ಲ, ಹಾಗೆ."

"ಬಾಗಿಲು ಯಾವ ಸ್ವರದಲ್ಲಿದೆ ಮೇಷ್ಟ್ರೇ?" ಎಂದ ಬಾಸ್ ನುಡಿಸುವವನು. ನಿಂತಲ್ಲೇ ನಿಂತಿರುತ್ತಾನೆಂದು ಅವನಿಗೆ ಕಂಬ ಅಂತಲೇ ಹೆಸರು. ಎಲ್ಲರೂ ನಕ್ಕರು. ಮೇಷ್ಟ್ರ ಮುಖದ ಬಲಭಾಗವೂ ನಕ್ಕಿತು.

ಆಮೇಲೆ ಅವಳ ಕೈಯಿಂದ ವಾದ್ಯ ತೆಗೆದುಕೊಂಡರು. ತುಟಿಯ ಮೂಲೆಯನ್ನು ಬೆರಳಿನಿಂದ ಒತ್ತಿಹಿಡಿದು ಊದಿದರು. ಬುಸ್ಸೆಂದು ಗಾಳಿ, ನಡುವೆ ಒಂದು ಕೀರಲು. ಮತ್ತೊಮ್ಮೆ ಊದಿದರು. ಯಾರೂ ಯಾರನ್ನೂ ನೋಡಲಿಲ್ಲ. ಶಿಷ್ಯೆ ವಾದ್ಯವನ್ನು ಹಿಂದಕ್ಕೆ ತೆಗೆದುಕೊಂಡು, ಮೂತಿ ಒರೆಸದೇ ಬಾಯಿಗಿಟ್ಟುಕೊಂಡಳು.

"ಇನ್ನೊಂದ್ಸಲ ನೋಡ್ತೀನಿ ಮೇಷ್ಟ್ರೇ. ನೂರು ಸಲ ಬೇಕಾದ್ರೂ ನುಡಿಸ್ತೀನಿ."

ನುಡಿಸಿದಳು. ಮತ್ತೆ, ಮತ್ತೆ ನುಡಿಸಿದಳು. ಕೇಳುತ್ತ ಕೇಳುತ್ತ ಮೇಷ್ಟ್ರಿಗೆ ಒಳಗೊಳಗೇ ಹೆದರಿಕೆಯಾಯಿತು. ತಲೆಯೊಳಗಿದ್ದ ಸಾಲೂ ಅವಳು ನುಡಿಸಿದ ಹಾಗೇ ಕೇಳಿಸತೊಡಗಿತ್ತು. ಅದು ಹೀಗಿತ್ತೋ, ಹಾಗಿತ್ತೋ? ಯಾರನ್ನಾದರೂ ಕೇಳೋಣವೆಂದರೆ, ಅದನ್ನು ಪೂರ್ತಿ ಕೇಳಿಸಿಕೊಂಡಿದ್ದ ಒಬ್ಬಳೇ ಒಬ್ಬಳು, ಹೆಂಡತಿ, ಈಗ ಇಲ್ಲ.

"ಸಾಕು, ಸಾಕಮ್ಮ" ಎಂದರು ಗಾಬರಿಯಿಂದ. "ಹಳೇದನ್ನೇ ನುಡಿಸಿಬಿಡಿ."

ಬ್ಯಾಂಡಿನಲ್ಲಿ ಪಿಯಾನೊ ನುಡಿಸುವಾಕೆ ಕಣ್ಣು ಕೆಳಗೆ ಹಾಕಿದರು. ಗಾಜಿನಾಚೆಯ ರೆಕಾರ್ಡಿಂಗಿನವನು ಹೆಬ್ಬೆರಳು ತೋರಿಸಿದ. ಟ್ಯೂನು ಶುರುವಾಯಿತು, ಏರಿತು, ಆ ಜಾಗಕ್ಕೆ ಬಂದು ಗಕ್ಕನೆ ನಿಂತಿತು. ಮೂಲೆಯ ಕುರ್ಚಿಯಲ್ಲಿ ಮೇಷ್ಟ್ರು ಕಣ್ಣು ಮುಚ್ಚಿದ್ದರು.

"ಕ್ಷಮಿಸಿ" ಎಂದ ರೆಕಾರ್ಡಿಂಗಿನವನು ಸ್ಪೀಕರಿನಲ್ಲಿ. "ಎಲ್ಲಿಂದಲೋ ಸುಯ್ ಅಂತ ಗಾಳಿ ಬರ್ತಿದೆ."

ಇನ್ನೊಮ್ಮೆ ನುಡಿಸಿದರು. ಅದೇ ಜಾಗದಲ್ಲಿ ಅದೇ ಸದ್ದು. ಮೇಷ್ಟ್ರು ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಆಗ ಇನ್ನೂ ಜೋರಾಯಿತು.

"ಭಾವ," ಡ್ರಮ್ಮಿನವನು ಹತ್ತಿರ ಬಂದು ಬಗ್ಗಿದ, "ಒಳಗೆ ಸೆಕೆ. ಸ್ವಲ್ಪ ಹೊತ್ತು ಹೊರಗೆ ಕೂತಿರ್ತೀರಾ?"

"ಅಯ್ಯೋ, ಅದಕ್ಕೇನಂತೆ" ಎಂದು ಎದ್ದರು.

ಹೊರಗೆ ಮೆಟ್ಟಿಲ ಮೇಲೆ ಕೂತರು. ಬಾಗಿಲಿಗೆ ದಪ್ಪ ಸ್ಪಂಜು ಬಡಿದಿದ್ದರು. ಒಳಗಿನ ಒಂದು ಸದ್ದೂ ಹೊರಗೆ ಬರುತ್ತಿರಲಿಲ್ಲ. ಟ್ಯೂನು ಶುರುವಾಗಿದೆಯೋ, ಮೌನದ ಹತ್ತಿರ ಬಂದಿದೆಯೋ, ದಾಟಿಹೋಗಿದೆಯೋ ತಿಳಿಯುವಂತಿರಲಿಲ್ಲ. ಹೆಂಡತಿಯ ಸಾಲನ್ನು ಮನಸ್ಸಿನಲ್ಲಿ ಹುಡುಕಿದರು. ಬಂದದ್ದು ಶಿಷ್ಯೆಯದು.

ಬಾಗಿಲು ತೆರೆಯಿತು. "ಮುಗೀತು ಭಾವ, ಬನ್ನಿ ಕೇಳಿ. ಒಂದೇ ಏಟಿಗೆ ಬಂತು."

"ಎಷ್ಟು ಹೊತ್ತು ನಿಲ್ಲಿಸಿದ್ಲು?"

"ನೀವು ಅವತ್ತು ನಿಲ್ಲಿಸಿದಷ್ಟೇ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ."

ಮೇಷ್ಟ್ರು ತಲೆಯಾಡಿಸಿದರು. ಏಳುವುದಕ್ಕೆ ಆಸರೆ ಬೇಕೆನಿಸಿ ಕೈ ಚಾಚಿದರು.